ಕರೆಂಟ್ ಬಿಲ್ಲಿನಲ್ಲಿ ಸೋರಿಹೋಗುತ್ತಿರುವ ಉದ್ಯೋಗಗಳು

(ಮಸೀದಿ ಆಡಳಿತ ಸಮಿತಿಗಳ ಪದಾಧಿಕಾರಿಗಳು ಹಾಗೂ ಯುವ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಸಮುದಾಯದ ಸಭೆಗಳಲ್ಲಿ ಎರಡು ದೂರುಗಳು ತಪ್ಪದೆ ಕೇಳಿಬರುತ್ತವೆ. ನಮ್ಮ ಯುವಕರಿಗೆ ಕೆಲಸವಿಲ್ಲ ಎಂಬುದು ಮೊದಲನೆಯದು. ಸಂಸ್ಥೆಗಳ ಖರ್ಚು ನಿಭಾಯಿಸಲಾಗುತ್ತಿಲ್ಲ, ಉಸ್ತಾದರ ಸಂಬಳ ಹೆಚ್ಚಿಸಲು ದುಡ್ಡಿಲ್ಲ ಎಂಬುದು ಎರಡನೆಯದು. ಈ ಎರಡನ್ನೂ ನಾವು ಬೇರೆ ಬೇರೆ ರೋಗಗಳೆಂದು ಭಾವಿಸಿ ಬೇರೆ ಬೇರೆ ಔಷಧ ಹುಡುಕುತ್ತಿದ್ದೇವೆ. ಉದ್ಯೋಗಕ್ಕಾಗಿ ಸರಕಾರದ ಕಡೆಗೆ ಅಥವಾ ಕೊಲ್ಲಿಯ ಕಡೆಗೆ ನೋಡುತ್ತೇವೆ. ಖರ್ಚಿಗಾಗಿ ದಾನಿಗಳ ಬಾಗಿಲು ತಟ್ಟುತ್ತೇವೆ. ಆದರೆ ಈ ಎರಡು ದೂರುಗಳಿಗೂ ಸ್ವಲ್ಪಮಟ್ಟಿಗಾದರೂ ಉತ್ತರ ಕೊಡಬಲ್ಲ ಒಂದು ಕೆಲಸ ನಮ್ಮ ತಲೆಯ ಮೇಲೆಯೇ ತಿರುಗುತ್ತಿದೆ. ಅದು ಮಸೀದಿಯ, ಮದ್ರಸಾದ, ಮನೆಯ ಹಳೆಯ ಫ್ಯಾನು. ನಾವಿಂದು ಮಾತನಾಡಲಿರುವುದು ಹೊಸ ಕಟ್ಟಡಗಳ ಬಗ್ಗೆಯಲ್ಲ. ಈಗಾಗಲೇ ಇರುವ ಕಟ್ಟಡಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಸುಖ ಕೊಡುವಂತೆ ದುರಸ್ತಿ ಮಾಡುವ ಬಗ್ಗೆ, ಮತ್ತು ಆ ದುರಸ್ತಿಯು ಎಷ್ಟು ಕೈಗಳಿಗೆ ಕೆಲಸ ಕೊಡಬಲ್ಲದು ಎಂಬುದರ ಬಗ್ಗೆ.

ಮೊದಲು ಲೆಕ್ಕವನ್ನು ನೋಡೋಣ. ಹಳೆಯ ಮಾದರಿಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರು ಇರುವ ಫ್ಯಾನು ಅಷ್ಟೇ ಗಾಳಿಯನ್ನು ಸುಮಾರು 30 ವ್ಯಾಟ್‌ನಲ್ಲಿ ಕೊಡುತ್ತದೆ. ಉಳಿದ 45 ವ್ಯಾಟ್ ಎಲ್ಲಿ ಹೋಗುತ್ತಿತ್ತು? ಹಳೆಯ ಫ್ಯಾನನ್ನು ಆರಿಸಿದ ಕೂಡಲೇ ಅದರ ಮೋಟಾರನ್ನು ಮುಟ್ಟಿ ನೋಡಿ. ಅದು ಬಿಸಿಯಾಗಿರುತ್ತದೆ. ಗಾಳಿಗಾಗಿ ಕೊಟ್ಟ ಹಣದಲ್ಲಿ ದೊಡ್ಡ ಪಾಲನ್ನು ನಾವು ಸೆಖೆಗಾಗಿ ಕೊಟ್ಟಿರುತ್ತೇವೆ. ಹಾಗೆಯೇ ಹಳೆಯ ಟ್ಯೂಬ್‌ಲೈಟು ಅದರ ಚೋಕ್ ಸೇರಿ 50 ವ್ಯಾಟ್‌ಗಿಂತಲೂ ಹೆಚ್ಚು ಬಳಸುತ್ತದೆ; ಅದರ ಜಾಗದಲ್ಲಿ ಹಾಕುವ ಎಲ್‌ಇಡಿ ಟ್ಯೂಬಿಗೆ 20 ವ್ಯಾಟ್ ಸಾಕು.

ಈಗ ಒಂದು ಸಾಧಾರಣ ಮಸೀದಿಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ 30 ಹಳೆಯ ಟ್ಯೂಬುಗಳು ದಿನಕ್ಕೆ 5 ಗಂಟೆ, 20 ಹಳೆಯ ಫ್ಯಾನುಗಳು ದಿನಕ್ಕೆ 6 ಗಂಟೆ ಉರಿಯುತ್ತವೆ, ತಿರುಗುತ್ತವೆ ಎಂದಿಟ್ಟುಕೊಳ್ಳೋಣ. ಲೆಕ್ಕದ ಸುಲಭಕ್ಕಾಗಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿಯೋಣ. ಟ್ಯೂಬುಗಳನ್ನು ಬದಲಿಸಿದರೆ ತಿಂಗಳಿಗೆ ಸುಮಾರು 153 ಯೂನಿಟ್ ಉಳಿಯುತ್ತದೆ. ಅಂದರೆ ಸಾವಿರದ ಎಪ್ಪತ್ತು ರೂಪಾಯಿ. ಒಂದಕ್ಕೆ 250 ರೂಪಾಯಿಯಂತೆ 7,500 ರೂಪಾಯಿ ಖರ್ಚಾದರೆ ಏಳು ತಿಂಗಳಲ್ಲಿ ಆ ಹಣ ಮರಳಿ ಬರುತ್ತದೆ. ಫ್ಯಾನುಗಳನ್ನು ಬದಲಿಸಿದರೆ ತಿಂಗಳಿಗೆ 162 ಯೂನಿಟ್ ಉಳಿತಾಯ. ಆದರೆ ಅದರ ಖರ್ಚು ಹೆಚ್ಚು. ಒಂದಕ್ಕೆ 3,000 ರೂಪಾಯಿಯಂತೆ 60 ಸಾವಿರ ಬೇಕು. ಅದು ಮರಳಿ ಬರಲು ನಾಲ್ಕೂವರೆ ವರ್ಷ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಎರಡೂವರೆ ವರ್ಷದಲ್ಲಿ ಹಾಕಿದ ಹಣ ಕೈಗೆ ಬರುತ್ತದೆ. ಆ ಬಳಿಕ ವರ್ಷಕ್ಕೆ 26 ಸಾವಿರ ರೂಪಾಯಿಗಳಷ್ಟು ಮಸೀದಿಯಲ್ಲಿಯೇ ಉಳಿಯುತ್ತದೆ. ಇದು ಯಾರ ದಾನವೂ ಅಲ್ಲ, ಪ್ರತಿ ತಿಂಗಳೂ ಬಿಲ್ಲಿನೊಂದಿಗೆ ಹೊರಗೆ ಹೋಗುತ್ತಿದ್ದ ನಮ್ಮದೇ ಹಣ.

ಈ 26 ಸಾವಿರದಲ್ಲಿ ಯಾರಿಗೆ ಉದ್ಯೋಗ ಸಿಗುತ್ತದೆ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಒಂದು ಮಸೀದಿಯಿಂದ ಒಂದು ಉದ್ಯೋಗವೂ ಹುಟ್ಟುವುದಿಲ್ಲ. ಆದರೆ ಹತ್ತು ಮಸೀದಿಗಳು ಕೈಜೋಡಿಸಿದರೆ ವರ್ಷದ ಉಳಿತಾಯ ಎರಡೂವರೆ ಲಕ್ಷ ದಾಟುತ್ತದೆ. ಒಬ್ಬ ಎಲೆಕ್ಟ್ರಿಷಿಯನ್‌ನಿಗೆ ತಿಂಗಳಿಗೆ 20 ಸಾವಿರದಂತೆ ವರ್ಷವಿಡೀ ಸಂಬಳ ಕೊಟ್ಟರೂ ಇನ್ನೂ ಸ್ವಲ್ಪ ಮಿಗುತ್ತದೆ. ಇದಕ್ಕೆ ಮದ್ರಸಾಗಳು, ಶಾಲೆಗಳು, ಹಾಸ್ಟೆಲ್‌ಗಳು, ಶಾದಿಮಹಲ್‌ಗಳು, ಬಜಾರಿನ ಅಂಗಡಿಗಳು, ಸಾವಿರಾರು ಮನೆಗಳನ್ನು ಸೇರಿಸಿ ನೋಡಿ. ಆಗ ಒಂದು ಪಟ್ಟಣದಲ್ಲಿ ಒಂದು ಸಣ್ಣ ಕಸುಬೇ ಎದ್ದುನಿಲ್ಲುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ಜಗತ್ತು ಇದನ್ನು ಮಾಡಿ ತೋರಿಸಿದೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವನ್ನು ತೆಗೆದುಕೊಳ್ಳಿ. 1931ರಲ್ಲಿ ಕಟ್ಟಿದ 102 ಅಂತಸ್ತುಗಳ ಈ ಕಟ್ಟಡದ ದುರಸ್ತಿ ಯೋಜನೆಯನ್ನು 2009ರಲ್ಲಿ ಪ್ರಕಟಿಸಲಾಯಿತು. ಅದರಲ್ಲಿ 6,514 ಕಿಟಕಿಗಳಿದ್ದವು. ಅವನ್ನು ಕಿತ್ತೆಸೆದು ಹೊಸದನ್ನು ತರಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. ಕಟ್ಟಡದ ಐದನೆಯ ಅಂತಸ್ತಿನಲ್ಲಿಯೇ ಒಂದು ಕಾರ್ಯಾಗಾರ ತೆರೆದು, ಪ್ರತಿಯೊಂದು ಕಿಟಕಿಯನ್ನೂ ಬಿಚ್ಚಿ ತೊಳೆದು, ಗಾಜುಗಳ ನಡುವೆ ಶಾಖವನ್ನು ತಡೆಯುವ ಪದರ ಹಾಕಿ ಮತ್ತೆ ಜೋಡಿಸಲಾಯಿತು. ಕಿಟಕಿಯ ಜೊತೆಗೆ ಗೋಡೆ, ದೀಪ, ತಂಪು ಮಾಡುವ ಯಂತ್ರಗಳ ಕೆಲಸವೂ ನಡೆಯಿತು. ವಿದ್ಯುತ್ ಮತ್ತು ಇಂಧನದ ಬಳಕೆಯನ್ನು ಶೇಕಡಾ 38ರಷ್ಟು ತಗ್ಗಿಸಿ, ವರ್ಷಕ್ಕೆ 44 ಲಕ್ಷ ಡಾಲರ್ ಉಳಿಸುವುದು ಆ ಯೋಜನೆಯ ಗುರಿಯಾಗಿತ್ತು. ನಾವಿಲ್ಲಿ ಗಮನಿಸಬೇಕಾದುದು ಡಾಲರನ್ನಲ್ಲ, ಆ ಐದನೆಯ ಅಂತಸ್ತನ್ನು. ಹೊಸ ಕಿಟಕಿ ಕೊಂಡಿದ್ದರೆ ಹಣ ಎಲ್ಲೋ ದೂರದ ಕಾರ್ಖಾನೆಗೆ ಹೋಗುತ್ತಿತ್ತು. ಹಳೆಯದನ್ನು ದುರಸ್ತಿ ಮಾಡಿದ್ದರಿಂದ ಅದು ಅಲ್ಲಿಯೇ ದುಡಿದ ಕೈಗಳಿಗೆ ಹೋಯಿತು.

ಇದೇ ಈ ಕೆಲಸದ ವೈಶಿಷ್ಟ್ಯ. ಬಟ್ಟೆಯನ್ನು ಬೇರೆ ದೇಶದಲ್ಲಿ ಹೊಲಿಸಿ ತರಿಸಬಹುದು, ಮೊಬೈಲನ್ನು ಬೇರೆ ದೇಶದಲ್ಲಿ ಜೋಡಿಸಿ ತರಿಸಬಹುದು. ಆದರೆ ಬಳ್ಳಾರಿಯ ಒಂದು ಮಸೀದಿಯ ಮಾಡನ್ನು ಚೀನಾಕ್ಕೆ ಕಳುಹಿಸಿ ಸುಣ್ಣ ಬಳಿಸಿ ತರಲಾಗುವುದಿಲ್ಲ. ಇರುವ ಕಟ್ಟಡದ ಕೆಲಸವನ್ನು ಇರುವ ಜಾಗದಲ್ಲಿಯೇ, ಇರುವ ಜನರೇ ಮಾಡಬೇಕು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು 2020ರಲ್ಲಿ, ಕೋವಿಡ್‌ನಿಂದ ಜಗತ್ತಿನ ಉದ್ಯೋಗಗಳು ಕುಸಿದಿದ್ದಾಗ, ಕಟ್ಟಡಗಳ ಇಂಧನ ಮಿತವ್ಯಯಕ್ಕೆ ಹೂಡುವ ಪ್ರತಿ ಹತ್ತು ಲಕ್ಷ ಡಾಲರ್ 9ರಿಂದ 30 ಉದ್ಯೋಗಗಳನ್ನು ಸೃಷ್ಟಿಸಬಲ್ಲದು ಎಂದು ಅಂದಾಜಿಸಿತು. ಅಮೆರಿಕವು 1973ರ ತೈಲ ಬಿಕ್ಕಟ್ಟಿನಿಂದ ಪಾಠ ಕಲಿತು 1976ರಿಂದ ಬಡವರ ಮನೆಗಳನ್ನು ಸರಕಾರದ ಖರ್ಚಿನಲ್ಲಿ ದುರಸ್ತಿ ಮಾಡುವ ಕಾರ್ಯಕ್ರಮವನ್ನು ನಡೆಸುತ್ತಾ ಬಂದಿದೆ. 2009ರ ಆರ್ಥಿಕ ಕುಸಿತದಲ್ಲಿ ಉದ್ಯೋಗ ಕಳೆದುಕೊಂಡವರಿಗೆ ಕೆಲಸ ಕೊಡಲು ಅದೇ ಕಾರ್ಯಕ್ರಮಕ್ಕೆ 500 ಕೋಟಿ ಡಾಲರ್ ನೀಡಲಾಯಿತು.

ಇದು ಶ್ರೀಮಂತ ದೇಶಗಳ ಮಾತಾಯಿತು ಎನ್ನುವವರಿಗೆ ಮುಸ್ಲಿಮ್ ಜಗತ್ತಿನ ಉದಾಹರಣೆಯನ್ನೇ ಕೊಡೋಣ. ಮೊರೊಕ್ಕೊ ದೇಶಕ್ಕೆ ತನ್ನದೇ ಆದ ತೈಲ ಸಂಪತ್ತಿಲ್ಲ. ತನಗೆ ಬೇಕಾದ ಇಂಧನದ ಬಹುಪಾಲನ್ನು ಅದು ಹೊರಗಿನಿಂದ ಕೊಳ್ಳುತ್ತಾ ಬಂದಿದೆ. 2014ರಲ್ಲಿ ಅದು ಹಸಿರು ಮಸೀದಿ ಯೋಜನೆಯನ್ನು ಆರಂಭಿಸಿತು. ಇಂಧನ ಇಲಾಖೆಯ ಜೊತೆ ವಕ್ಫ್ ಮತ್ತು ಇಸ್ಲಾಮಿ ವ್ಯವಹಾರಗಳ ಇಲಾಖೆ ನಿಂತಿತು. ಜರ್ಮನಿಯ ಸಹಕಾರ ಸಂಸ್ಥೆ ತಾಂತ್ರಿಕ ನೆರವು ನೀಡಿತು. 600 ಮಸೀದಿಗಳಲ್ಲಿ ಎಲ್‌ಇಡಿ ದೀಪ, ವುಝೂವಿನ ನೀರಿಗೆ ಸೌರ ಹೀಟರ್, ಮಾಡಿನ ಮೇಲೆ ಸೌರ ಫಲಕ ಅಳವಡಿಸಿ ವಿದ್ಯುತ್ ಬಳಕೆಯನ್ನು ಶೇಕಡಾ 40ರವರೆಗೆ ಇಳಿಸುವ ಗುರಿಯಿಡಲಾಯಿತು. ಮರ್ರಾಕಿಶ್ ನಗರದ ಕುತುಬಿಯ್ಯಾ ಮಸೀದಿ 12ನೇ ಶತಮಾನದ್ದು. ಅದೂ ಈ ಯೋಜನೆಯಲ್ಲಿ ಸೇರಿತು. ಎಂಟು ಶತಮಾನ ದಾಟಿದ ಮಸೀದಿಗೆ ಹೊಸ ದೀಪ ಮತ್ತು ಸೌರ ಫಲಕ ಭಾರವಾಗಲಿಲ್ಲವೆಂದಾದರೆ, 30 ವರ್ಷಗಳ ಹಿಂದೆ ಕಟ್ಟಿದ ನಮ್ಮ ಮಸೀದಿಗಳಿಗೆ ಅದು ಭಾರವಾಗುವುದು ಹೇಗೆ?

ಮೊರೊಕ್ಕೊದವರು ಮಸೀದಿಯನ್ನೇ ಯಾಕೆ ಆರಿಸಿಕೊಂಡರು? ಅದಕ್ಕೆ ಕಾರಣವಿದೆ. ಮಸೀದಿಯು ಎಲ್ಲರೂ ದಿನವೂ ಬಂದು ಹೋಗುವ ಕಟ್ಟಡ. ಅಲ್ಲಿ ಮಾಡಿದ್ದನ್ನು ಜನರು ನೋಡುತ್ತಾರೆ, ವಿಚಾರಿಸುತ್ತಾರೆ, ತಮ್ಮ ಮನೆಯಲ್ಲಿ ಮಾಡುತ್ತಾರೆ. ಅದಕ್ಕಾಗಿ ಇಮಾಮರಿಗೂ, ಮಹಿಳೆಯರ ನಡುವೆ ಬೋಧನೆ ಮಾಡುವ ಮುರ್ಶಿದಾತ್‌ಗಳಿಗೂ ಈ ಕುರಿತು ತಿಳಿವಳಿಕೆ ಕೊಡಲಾಯಿತು. ಜೊತೆಗೆ ಸ್ಥಳೀಯ ತಂತ್ರಜ್ಞರಿಗೂ ತರಬೇತಿ ನೀಡಲಾಯಿತು. ಕೆಲಸ ಮಾಡುವ ಕಂಪೆನಿಗೆ ಉಳಿತಾಯದ ಆಧಾರದಲ್ಲಿ ಹಣ ಕೊಡುವ ಪದ್ಧತಿಯನ್ನು ತರಲಾಯಿತು. ಉಳಿತಾಯವಾಗದಿದ್ದರೆ ಕಂಪೆನಿಗೇ ನಷ್ಟ. ಆದ್ದರಿಂದ ಕಳಪೆ ಕೆಲಸ ಮಾಡಲು ಅದಕ್ಕೆ ಆಸೆಯಿರುವುದಿಲ್ಲ.

ಇನ್ನು ನಮ್ಮ ಕೊಲ್ಲಿ. ದುಬೈ ಸರಕಾರವು 2013ರಲ್ಲಿ ಇತ್ತಿಹಾದ್ ಎಸ್ಕೊ ಎಂಬ ಕಂಪೆನಿಯನ್ನು ಸ್ಥಾಪಿಸಿ, 2030ರೊಳಗೆ 30 ಸಾವಿರ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಗುರಿ ಇಟ್ಟುಕೊಂಡಿತು. ಸೌದಿ ಅರೇಬಿಯಾ 2017ರಲ್ಲಿ ತರ್ಶೀದ್ ಎಂಬ ಕಂಪೆನಿಯನ್ನು ಇದಕ್ಕಾಗಿಯೇ ಆರಂಭಿಸಿತು. ತೈಲದ ಮೇಲೆ ಕುಳಿತಿರುವ ದೇಶಗಳೇ ವಿದ್ಯುತ್ತನ್ನು ಉಳಿಸಲು ಕಟ್ಟಡಗಳನ್ನು ದುರಸ್ತಿ ಮಾಡುತ್ತಿವೆ. ತೈಲಕ್ಕಾಗಿ ಕೈಚಾಚುವ ನಾವು ನಿಶ್ಚಿಂತೆಯಿಂದ ಇದ್ದೇವೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ? ಕೊಲ್ಲಿಯಲ್ಲಿ ವೈರಿಂಗ್, ಎಸಿ, ಪ್ಲಂಬಿಂಗ್ ಕೆಲಸ ಮಾಡಿ ಅನುಭವ ಪಡೆದು ಊರಿಗೆ ಮರಳಿದವರು ನಮ್ಮ ಪ್ರತಿಯೊಂದು ಪಟ್ಟಣದಲ್ಲಿದ್ದಾರೆ. 2011ರಲ್ಲಿ ಸೌದಿಯಲ್ಲಿ ನಿತಾಖತ್ ಬಂದ ಮೇಲೆ, 2020ರಲ್ಲಿ ಕೋವಿಡ್ ಬಂದ ಮೇಲೆ ಅನೇಕರು ಬರಿಗೈಯಲ್ಲಿ ಮರಳಿದರು. ಅವರ ಕೈ ಬರಿದಾಗಿರಬಹುದು, ಕಸುಬು ಬರಿದಾಗಿಲ್ಲ. ಆ ಕಸುಬನ್ನು ಉಪಯೋಗಿಸಿಕೊಳ್ಳುವ ವ್ಯವಸ್ಥೆ ನಮ್ಮಲ್ಲಿಲ್ಲ, ಅಷ್ಟೇ.

ಸಹೋದರರೇ, ಸರಕಾರದ ಪಾತ್ರದ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿಯೇ ಬಂದಿದೆ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ವಿತರಿಸಲಾಯಿತು. ಸರಕಾರ ಒಟ್ಟಾಗಿ ಕೊಂಡದ್ದರಿಂದ, 300 ರೂಪಾಯಿಗಿಂತ ಮೇಲಿದ್ದ ಬಲ್ಬಿನ ಸಗಟು ಬೆಲೆ 40 ರೂಪಾಯಿಯ ಒಳಗೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ, ಅದನ್ನು ಒಪ್ಪಿಕೊಳ್ಳೋಣ. ಆದರೆ ಅದು ಬಲ್ಬು ಮಾರುವ ಯೋಜನೆಯಾಯಿತೇ ಹೊರತು ಕೆಲಸ ಕೊಡುವ ಯೋಜನೆಯಾಗಲಿಲ್ಲ. ಕೌಂಟರಿನಲ್ಲಿ ಬಲ್ಬು ಕೊಂಡು ಮನೆಗೆ ಬಂದು ತಿರುಗಿಸಿ ಹಾಕಿದರೆ ಅಲ್ಲಿಗೆ ಮುಗಿಯಿತು. ಮನೆ ಮನೆಗೆ ಹೋಗಿ, ಯಾವ ಮಾಡು ಕಾಯುತ್ತಿದೆ, ಯಾವ ಪಂಪು ಹೆಚ್ಚು ಕುಡಿಯುತ್ತಿದೆ, ಯಾವ ವಯರು ಹಳತಾಗಿದೆ ಎಂದು ಪರೀಕ್ಷಿಸಿ ಸರಿಪಡಿಸುವ ಯುವಕ ಯುವತಿಯರ ಪಡೆಯನ್ನು ಯಾವ ಸರಕಾರವೂ ಕಟ್ಟಲಿಲ್ಲ. ವಿದ್ಯುತ್ ಸಾಲದೆ ಬಂದಾಗ ಇನ್ನೊಂದು ಸ್ಥಾವರ ಕಟ್ಟುವುದೇ ನಮ್ಮ ಆಳುವವರಿಗೆ ಗೊತ್ತಿರುವ ಪರಿಹಾರ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನಿಂದ ನಡೆಯುವ 1,200 ಮೆಗಾವ್ಯಾಟ್ ಸ್ಥಾವರ ಬಂತು. ಅದರ ಹಾರುಬೂದಿಯ ಬಗ್ಗೆ ಆಸುಪಾಸಿನ ಕೃಷಿಕರು ವರ್ಷಗಟ್ಟಲೆ ದೂರುತ್ತಾ ಬಂದರು. ನಮ್ಮ ಕೋಣೆಯಲ್ಲಿ ವ್ಯರ್ಥವಾಗುವ ಪ್ರತಿ ಯೂನಿಟ್ಟಿಗೂ ಯಾರದೋ ಹೊಲ, ಯಾರದೋ ಬಾವಿ ಬೆಲೆ ತೆರುತ್ತಿರುತ್ತದೆ.

ಇನ್ನು ಸಾಚಾರ್ ಸಮಿತಿ. 2006ರಲ್ಲಿ ಆ ವರದಿ ಬಂದಾಗಿನಿಂದ ನಾವು ಅದನ್ನು ವೇದಿಕೆಗಳಲ್ಲಿ ಎತ್ತಿ ಹಿಡಿಯುತ್ತಿದ್ದೇವೆ. ಮುಸ್ಲಿಮರಲ್ಲಿ ತಿಂಗಳ ಸಂಬಳದ ನೌಕರಿಯಲ್ಲಿರುವವರು ಕಡಿಮೆ, ಸ್ವಂತ ಕೈಕಸುಬು ಮಾಡುವವರು ಹೆಚ್ಚು ಎಂದು ಅದು ಹೇಳಿತು. ನಾವು ಮೊದಲರ್ಧವನ್ನು ಹಿಡಿದು ಸರಕಾರವನ್ನು ಪ್ರಶ್ನಿಸಿದೆವು. ಅದು ನ್ಯಾಯವೇ, ಮುಂದೆಯೂ ಪ್ರಶ್ನಿಸಬೇಕು. ಆದರೆ ಎರಡನೆಯ ಅರ್ಧದಲ್ಲಿ ಒಂದು ಶಕ್ತಿಯೂ ಇದೆ ಎಂಬುದನ್ನು ನಾವು ಗಮನಿಸಿದ್ದೇವೆಯೇ? ವೈರಿಂಗ್, ವೆಲ್ಡಿಂಗ್, ಪೇಂಟಿಂಗ್, ಗಾರೆ, ಬಡಗಿ ಕೆಲಸ ಬಲ್ಲ ಕೈಗಳು ನಮ್ಮ ಮೊಹಲ್ಲಾಗಳಲ್ಲಿ ಧಾರಾಳವಾಗಿವೆ. ಹಳೆಯ ಕಟ್ಟಡದ ದುರಸ್ತಿಗೆ ಬೇಕಾಗಿರುವುದು ನಿಖರವಾಗಿ ಅವೇ ಕೈಗಳು.

ಈಗ ದೀನಿನ ದೃಷ್ಟಿಯಿಂದ ನೋಡೋಣ. ದುಂದುಗಾರರನ್ನು ಪವಿತ್ರ ಕುರ್‌ಆನ್ ಎಷ್ಟು ಕಠಿಣವಾಗಿ ಖಂಡಿಸಿದೆ ಎಂಬುದು ನಿಮಗೆ ಗೊತ್ತಿದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿವರ್ಯರು(ಸ) ಸಹಾಬಿ ಸಅದ್‌ರಿಗೆ(ರ) ತಿಳಿಹೇಳಿದ ಪ್ರಸಂಗ ಇಬ್ನು ಮಾಜಃದಲ್ಲಿ ಬಂದಿದೆ. ನಾವು ಇಸ್ರಾಫನ್ನು ಮದುವೆಯ ಬಿರಿಯಾನಿಗೆ ಸೀಮಿತಗೊಳಿಸಿಬಿಟ್ಟಿದ್ದೇವೆ. ಖಾಲಿ ಮಸೀದಿಯಲ್ಲಿ ತಿರುಗುವ ಇಪ್ಪತ್ತು ಫ್ಯಾನುಗಳು ಇಸ್ರಾಫ್ ಅಲ್ಲವೇ?

ಮದ್ರಸಾದಲ್ಲಿ ನಾವು ಹಿದಾಯ ಓದುವಾಗ ವಕ್ಫ್‌ನ ಅಧ್ಯಾಯದಲ್ಲಿ ಒಂದು ನಿಯಮ ಕಲಿತೆವು. 12ನೇ ಶತಮಾನದ ಇಮಾಮ್ ಮರ್ಗೀನಾನಿಯವರು ರಚಿಸಿದ ಆ ಗ್ರಂಥದ ಪ್ರಕಾರ ವಕ್ಫ್‌ನ ಆದಾಯದಲ್ಲಿ ಮೊದಲ ಹಕ್ಕು ಅದರ ದುರಸ್ತಿಗಿದೆ. ದಾನ ಮಾಡಿದವನು ಹಾಗೆಂದು ಷರತ್ತು ಹಾಕಿರಲಿ, ಹಾಕದಿರಲಿ, ಮೊದಲು ದುರಸ್ತಿ. ಆಮೇಲೆ ಫಲಾನುಭವಿಗಳಿಗೆ ಹಂಚಿಕೆ. ಏಕೆಂದರೆ ದಾನಿಯ ಉದ್ದೇಶ ಅದರ ಫಲವು ನಿರಂತರವಾಗಿರಬೇಕು ಎಂಬುದು. ದುರಸ್ತಿಯಿಲ್ಲದೆ ಅದು ನಿರಂತರವಾಗಿರಲಾರದು. ಆದರೆ ನಮ್ಮ ಸಮಿತಿಗಳ ಕ್ರಮ ಇದಕ್ಕೆ ತದ್ವಿರುದ್ಧವಾಗಿದೆ. ಹೊಸ ಮಿನಾರಕ್ಕೆ, ಮುಂಭಾಗದ ಅಮೃತಶಿಲೆಗೆ ಲಕ್ಷಗಟ್ಟಲೆ ಹರಿದು ಬರುತ್ತದೆ. ಸೋರುವ ನಲ್ಲಿಯ ವಾಷರಿಗೆ, ಕಾಯುವ ಮಾಡಿಗೆ, ಹಳೆಯ ವಯರಿಗೆ ದಾನಿಗಳು ಸಿಗುವುದಿಲ್ಲ. ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದು, ವಾಷರಿನ ಮೇಲೆ ಕೆತ್ತಿಸಲಾಗುವುದಿಲ್ಲ! ಅಲ್ಲಾಹನ ದಾಖಲೆಯಲ್ಲಿ ಎರಡೂ ಬರೆಯಲ್ಪಡುತ್ತವೆ ಎಂಬ ವಿಶ್ವಾಸ ನಮಗಿರಬೇಡವೇ?

ಇನ್ನೊಂದು ಪ್ರಸಂಗವನ್ನು ನೆನಪಿಸಲು ಬಯಸುತ್ತೇವೆ. ಅದು ಅಬೂದಾವೂದ್‌ನಲ್ಲಿದೆ. ಅನ್ಸಾರಿಗಳಲ್ಲೊಬ್ಬರು ನೆರವು ಕೇಳುತ್ತಾ ಪ್ರವಾದಿವರ್ಯರ(ಸ) ಬಳಿಗೆ ಬಂದರು. ಮನೆಯಲ್ಲಿದ್ದ ಒಂದು ಹೊದಿಕೆ ಮತ್ತು ಒಂದು ಪಾತ್ರೆಯನ್ನು ತರಿಸಿ ಪ್ರವಾದಿವರ್ಯರು(ಸ) ಹರಾಜು ಹಾಕಿದರು. ಬಂದ ಎರಡು ದಿರ್ಹಮ್‌ಗಳಲ್ಲಿ ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಆ ಕೊಡಲಿಗೆ ಸ್ವತಃ ತಮ್ಮ ಕೈಯಿಂದ ಹಿಡಿಕೆ ಜೋಡಿಸಿ, ಕಟ್ಟಿಗೆ ಕಡಿದು ಮಾರುವಂತೆ ಹೇಳಿ ಕಳುಹಿಸಿದರು. ಹದಿನೈದು ದಿನಗಳ ಬಳಿಕ ಆ ವ್ಯಕ್ತಿ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು. ಈ ಪ್ರಸಂಗವನ್ನು ನಾವು ಭಿಕ್ಷಾಟನೆಯ ವಿರುದ್ಧದ ಉಪದೇಶವಾಗಿ ಮಾತ್ರ ಓದಿದ್ದೇವೆ. ಇದರಲ್ಲಿ ಒಂದು ಅರ್ಥಶಾಸ್ತ್ರವೂ ಇದೆ. ಬಂಡವಾಳ ಹೊರಗಿನಿಂದ ಬರಲಿಲ್ಲ. ಮನೆಯಲ್ಲಿ ಸುಮ್ಮನಿದ್ದುದರಿಂದಲೇ ಬಂತು. ಅದು ಕೈಗೆ ಉಪಕರಣವಾಯಿತು, ಉಪಕರಣ ದುಡಿಮೆಯಾಯಿತು. ಇಂದು ನಮ್ಮ ಮನೆ, ಮಸೀದಿಗಳ ಕರೆಂಟ್ ಬಿಲ್ಲಿನಲ್ಲಿ ಪೋಲಾಗುತ್ತಿರುವುದು ಆ ಹೊದಿಕೆ, ಆ ಪಾತ್ರೆ.

ಹಾಗಾದರೆ ಏನು ಮಾಡಬೇಕು? ಎಚ್ಚರಿಕೆಯಿಂದಲೇ ಹೆಜ್ಜೆಯಿಡಬೇಕು, ಏಕೆಂದರೆ ಇದನ್ನು ಕೆಟ್ಟದಾಗಿ ಮಾಡಿದ ದೇಶಗಳೂ ಇವೆ. ಬ್ರಿಟನ್ 2013ರಲ್ಲಿ ಗ್ರೀನ್ ಡೀಲ್ ಎಂಬ ಯೋಜನೆ ತಂದಿತು. ಮನೆ ದುರಸ್ತಿಗೆ ಸಾಲ, ತೀರಿಸುವುದು ಕರೆಂಟ್ ಬಿಲ್ಲಿನ ಮೂಲಕ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಸಾಲಕ್ಕೆ ಬಡ್ಡಿಯಿತ್ತು, ಅದೂ ಶೇಕಡಾ 7ಕ್ಕಿಂತ ಹೆಚ್ಚು. ಉಳಿತಾಯವನ್ನು ಬಡ್ಡಿಯೇ ತಿನ್ನುವುದಾದರೆ ಯಾರಿಗೆ ಬೇಕು? ಲಕ್ಷಾಂತರ ಮನೆಗಳ ಕನಸು ಕಂಡ ಯೋಜನೆಯಲ್ಲಿ ಸಾಲ ಪಡೆದ ಮನೆಗಳು ಸುಮಾರು 14 ಸಾವಿರ ಮಾತ್ರ. 2015ರಲ್ಲಿ ಸರಕಾರ ಅದರ ಹಣವನ್ನು ನಿಲ್ಲಿಸಿತು. ಬಡ್ಡಿಯು ಒಳ್ಳೆಯ ಕೆಲಸವನ್ನೂ ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆಸ್ಟ್ರೇಲಿಯಾದ್ದು ಇನ್ನೂ ದುಃಖಕರ. 2009ರಲ್ಲಿ ಅಲ್ಲಿನ ಸರಕಾರ ಮನೆಗಳ ಮಾಡಿನೊಳಗೆ ಶಾಖ ತಡೆಯುವ ಹಾಸನ್ನು ಹಾಕುವ ಯೋಜನೆಯನ್ನು ಅವಸರದಲ್ಲಿ ಆರಂಭಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಕೆಲಸ ನಡೆಯಿತು. ಆದರೆ ಸರಿಯಾದ ತರಬೇತಿಯಿಲ್ಲದೆ ಕೆಲಸಕ್ಕಿಳಿದ ನಾಲ್ವರು ಯುವಕರು ಪ್ರಾಣ ಕಳೆದುಕೊಂಡರು. ಮೂವರು ವಿದ್ಯುದಾಘಾತದಿಂದ, ಒಬ್ಬ ಮಾಡಿನೊಳಗಿನ ಸೆಖೆಯಿಂದ. 2010ರ ಫೆಬ್ರವರಿಯಲ್ಲಿ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಉದ್ಯೋಗ ಕೊಡುತ್ತೇವೆಂದು ಹೊರಟು ತಾಯಂದಿರ ಮಡಿಲಿಗೆ ಮಯ್ಯಿತ್ ತಂದು ಹಾಕುವಂತಾಗಬಾರದು.

ಈ ಎರಡು ಪಾಠಗಳಿಂದಲೇ ನಮ್ಮ ಕ್ರಮವನ್ನು ರೂಪಿಸಿಕೊಳ್ಳೋಣ.

ಮೊದಲನೆಯದು, ಪರಿಶೀಲನೆ. ಪ್ರತಿ ಮಸೀದಿ, ಮದ್ರಸಾ, ಶಾಲೆಯ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಂದೆಡೆ ತೆಗೆದಿಡಿ. ಎಷ್ಟು ಫ್ಯಾನು, ಎಷ್ಟು ದೀಪ, ಯಾವ ಪಂಪು, ಎಷ್ಟು ಗಂಟೆ ಎಂದು ಬರೆಯಿರಿ. ಇದಕ್ಕೆ ಇಂಜಿನಿಯರೇ ಬೇಕೆಂದಿಲ್ಲ. ಪಿಯುಸಿ ಓದಿದ ಹುಡುಗರು, ಹುಡುಗಿಯರು ಒಂದು ವಾರದಲ್ಲಿ ಮಾಡಬಲ್ಲರು.

ಎರಡನೆಯದು, ಕ್ರಮಬದ್ಧತೆ. ಖರ್ಚಿಲ್ಲದ್ದು ಮೊದಲು. ಎಲ್ಲಾ ಫ್ಯಾನುಗಳೂ ಒಂದೇ ಸ್ವಿಚ್ಚಿನಲ್ಲಿದ್ದರೆ ಸಾಲಿಗೊಂದರಂತೆ ಬೇರ್ಪಡಿಸಿ. ಎರಡು ಸಾಲು ನಮಾಝಿಗಳಿಗೆ ಇಡೀ ಮಸೀದಿಯ ಫ್ಯಾನು ಬೇಡ. ಆಮೇಲೆ ದೀಪ. ಆಮೇಲೆ ಮಾಡಿಗೆ ಬಿಸಿಲನ್ನು ಹಿಂದಕ್ಕೆ ಕಳುಹಿಸುವ ಬಿಳಿಯ ಬಣ್ಣ ಅಥವಾ ಸುಣ್ಣ. ತೆಲಂಗಾಣವು 2023ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ತಂದಿತು. ಅಹ್ಮದಾಬಾದಿನ ಬಡ ಬಸ್ತಿಗಳಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಮಹಿಳೆಯರನ್ನು ಮುಂದಿಟ್ಟುಕೊಂಡೇ ಈ ಕೆಲಸ ಮಾಡಿದೆ. ಫ್ಯಾನುಗಳನ್ನು ಹಳತು ಕೆಟ್ಟಂತೆ ಬದಲಿಸುತ್ತಾ ಬನ್ನಿ. 2023ರಿಂದ ಫ್ಯಾನುಗಳ ಮೇಲೂ ಸ್ಟಾರ್ ಗುರುತು ಕಡ್ಡಾಯವಾಗಿದೆ, ನೋಡಿ ಕೊಳ್ಳಿ. ಸೌರ ಫಲಕ ಇವೆಲ್ಲದರ ನಂತರ. ಪೋಲನ್ನು ನಿಲ್ಲಿಸದೆ ಸೌರ ಫಲಕ ಹಾಕುವುದು ತೂತಾದ ಕೊಡಕ್ಕೆ ನೀರು ತುಂಬಿಸಿದಂತೆ.

ಮೂರನೆಯದು, ಬಡ್ಡಿರಹಿತ ನಿಧಿ. ಊರಿನ ಜಮಾಅತ್‌ಗಳು ಸೇರಿ ಒಂದು ಕರ್ಝೆ ಹಸನ್ ನಿಧಿ ಸ್ಥಾಪಿಸಲಿ. ಒಂದು ಮಸೀದಿಯ ದುರಸ್ತಿಗೆ ಕೊಟ್ಟ ಸಾಲವನ್ನು ಅದರ ತಿಂಗಳ ಉಳಿತಾಯದಿಂದಲೇ ಮರಳಿ ಪಡೆದು ಮುಂದಿನ ಮಸೀದಿಗೆ ಕೊಡಬೇಕು. ಸಾಲ ತೀರಿದ ಮೇಲಿನ ಉಳಿತಾಯದಲ್ಲಿ ಒಂದು ಪಾಲು ಕೆಲಸಗಾರರ ಸಂಬಳಕ್ಕೆ, ಒಂದು ಪಾಲು ಉಸ್ತಾದರ ಸಂಬಳ ಹೆಚ್ಚಳಕ್ಕೆ ಮೀಸಲಾಗಲಿ. ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಝಕಾತ್‌ನ ಹಣ ಮಸೀದಿಯ ಫ್ಯಾನಿಗೆ ಬಳಸುವಂತಹದ್ದಲ್ಲ. ಆದರೆ ಝಕಾತ್‌ಗೆ ಅರ್ಹನಾದ ಬಡ ಯುವಕನ ಕೈಗೆ ಉಪಕರಣಗಳ ಪೆಟ್ಟಿಗೆಯನ್ನು ಆ ಹಣದಿಂದ ಕೊಡಬಹುದು. ಅದೇ ಇಂದಿನ ಕೊಡಲಿ.

ನಾಲ್ಕನೆಯದು, ತರಬೇತಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ಹತ್ತನೆಯ ತರಗತಿಯ ನಂತರ ಅಲೆಯುತ್ತಿರುವ ಹುಡುಗರನ್ನು ಅಲ್ಲಿಗೆ ಸೇರಿಸುವ ಹೊಣೆಯನ್ನು ಜಮಾಅತ್ ವಹಿಸಿಕೊಳ್ಳಲಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮೇಲ್ವಿಚಾರಣೆಯಿಲ್ಲದೆ ಯಾರೂ ವಯರು ಮುಟ್ಟಬಾರದು. ಕೊಲ್ಲಿಯಿಂದ ಮರಳಿದ ಅನುಭವಿಗಳು ಈ ಹುಡುಗರಿಗೆ ಉಸ್ತಾದರಾಗಲಿ. ಮತ್ತು ಈ ಕೆಲಸಕ್ಕೆ ನ್ಯಾಯವಾದ ಕೂಲಿ ಸಿಗಲಿ. 'ಮಸೀದಿಯ ಕೆಲಸ ತಾನೇ, ಸವಾಬಿಗಾಗಿ ಮಾಡು' ಎಂದು ಬಡವನ ಬೆವರನ್ನು ಪುಕ್ಕಟೆ ಪಡೆಯುವ ಚಾಳಿಯನ್ನು ನಾವು ಬಿಡಬೇಕು. ಸವಾಬು ಬೇಕಿದ್ದರೆ ಶ್ರೀಮಂತರು ಹಣ ಕೊಟ್ಟು ಗಳಿಸಲಿ.

ಮನೆಗಳ ಬಗ್ಗೆ ಸಹೋದರಿಯರು ಕೇಳಬಹುದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತವಿರುವಾಗ ಉಳಿಸುವುದೇಕೆ ಎಂದು. ಆದರೆ ಪ್ರತಿ ಮನೆಗೂ 200 ಯೂನಿಟ್ ಉಚಿತವಲ್ಲ. ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ ಉಚಿತ. 200 ದಾಟಿದ ತಿಂಗಳಲ್ಲಿ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಮಕ್ಕಳು ದೊಡ್ಡವರಾಗಿ, ಫ್ರಿಜ್ಜು, ಕೂಲರು ಸೇರಿದ ಮನೆಗೆ ಎಪ್ರಿಲ್, ಮೇ ತಿಂಗಳಲ್ಲಿ ಆ ಗೆರೆ ದಾಟಲು ಎಷ್ಟು ಹೊತ್ತು? ಮೂರು ಹಳೆಯ ಫ್ಯಾನು ಬದಲಿಸಿದ ಮನೆ ಆ ಗೆರೆಯ ಈಚೆಗೇ ಉಳಿಯಬಹುದು. ಅಂಗಡಿ, ಶಾಲೆಗಳಿಗಂತೂ ಆ ಯೋಜನೆ ಅನ್ವಯಿಸುವುದಿಲ್ಲ. ಮೇಲಾಗಿ, ನಮಗೆ ಉಚಿತವಾದುದು ಖಜಾನೆಗೆ ಉಚಿತವಲ್ಲ. ಅದು ಎಲ್ಲರ ಹಣ. ಉಚಿತ ಎಂಬುದು ಪೋಲಿಗೆ ಪರವಾನಗಿಯಲ್ಲ ಎಂಬುದನ್ನು ನದಿಯ ದಡದ ಆ ವುಝೂ ನಮಗೆ ಕಲಿಸಿದೆ.

ಬಾಡಿಗೆ ಮನೆಯಲ್ಲಿರುವವರ ಸಮಸ್ಯೆ ಬೇರೆ. ಖರ್ಚು ಮಾಲಕನದ್ದು, ಲಾಭ ಬಾಡಿಗೆದಾರನದ್ದು ಎಂದಾದಾಗ ಯಾರೂ ಕೈಹಾಕುವುದಿಲ್ಲ. ದೀಪ, ಫ್ಯಾನುಗಳನ್ನು ಬಾಡಿಗೆದಾರರೇ ಹಾಕಿಸಿ, ಮನೆ ಬಿಡುವಾಗ ಒಯ್ಯಬಹುದು. ಮಾಡಿನ ಬಣ್ಣ, ವೈರಿಂಗ್ ಮಾಲಕರ ಹೊಣೆಯಾಗಲಿ. ಅದರಿಂದ ಅವರ ಮನೆಯ ಆಯುಸ್ಸೇ ಹೆಚ್ಚುತ್ತದೆ. ಊರಿನ ಹಿರಿಯರು ಮಾಲಕರ ಜೊತೆ ಮಾತನಾಡಿದರೆ ಇದು ಅಸಾಧ್ಯವೇನಲ್ಲ.

ಕೊನೆಯದಾಗಿ, ಈ ಕೆಲಸ ನಮ್ಮ ಓಣಿಗೆ ಮಾತ್ರ ಸೀಮಿತವಾಗಬಾರದು. ನಮ್ಮ ಹುಡುಗರು ಕಲಿತ ಕೆಲಸ ಊರಿನ ದೇವಸ್ಥಾನಕ್ಕೂ, ಚರ್ಚಿಗೂ, ಸರಕಾರಿ ಶಾಲೆಗೂ, ನೆರೆಮನೆಗೂ ಉಪಯೋಗಕ್ಕೆ ಬರಲಿ. ಬಿಸಿಲು ಧರ್ಮ ನೋಡಿ ಸುಡುವುದಿಲ್ಲ. ಸಂಶಯದ ಗೋಡೆಗಳು ಎದ್ದಿರುವ ಈ ಕಾಲದಲ್ಲಿ, ಪ್ರಾಮಾಣಿಕವಾಗಿ ಕೆಲಸ ಮಾಡಿ ನೆರೆಯವನ ಬಿಲ್ಲನ್ನು ಇಳಿಸಿಕೊಟ್ಟ ಒಬ್ಬ ಎಲೆಕ್ಟ್ರಿಷಿಯನ್ ನೂರು ಭಾಷಣಗಳು ಮಾಡಲಾಗದ್ದನ್ನು ಮಾಡುತ್ತಾನೆ.

ಬರುವ ರಮಝಾನ್‌ಗೆ ಮೊದಲು, ಪ್ರತಿ ಸಮಿತಿಯು ತನ್ನ ಒಂದು ವರ್ಷದ ಬಿಲ್ಲುಗಳನ್ನು ಮೇಜಿನ ಮೇಲಿಟ್ಟು ಒಂದೇ ಒಂದು ಸಭೆ ನಡೆಸಲಿ ಎಂಬುದು ನಮ್ಮ ವಿನಂತಿ. ಆ ಕಾಗದಗಳಲ್ಲಿ ಉಸ್ತಾದರ ಸಂಬಳ ಇದೆ, ಯಾರದೋ ಮಗನ ಉದ್ಯೋಗ ಇದೆ. ಅದನ್ನು ಓದುವ ಕಣ್ಣು ಬೇಕು. ನಮಗೆ ವಹಿಸಲಾದ ಅಮಾನತ್ತನ್ನು ಕಾಪಾಡುವ, ದುಡಿಯುವ ಕೈಗಳನ್ನು ಗೌರವಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.